ನಡಾವಳಿಯೊಳಗ ಇಲ್ಲದ್ದು

ಟಿಕೋಟ ದಾಟಿದ ಮ್ಯಾಲ ಎಡಗಡೆ
ಹಸರು ನೆಟ್ಟು ಇಳಿಬಿಟ್ಟ ಶೆಡ್ಡು ಕಾಣತಾವಲ್ಲ,
ಮೂರನೇದ್ರಾಗ ಕುಂತಿರತೀನಿ ನಾನು,
ಶಿವರಾತ್ರಿಯಿಂದ ಮೊದಲ ಮಳಿತನಕ.
ಹನ್ನೊಂದು ವರ್ಷಾತು.
ಕಣ್ಣು ಕಟ್ಟಿ ಬೆರಳಿಗೆ ಕೊಟ್ರೂ ಹೇಳತೀನಿ:
ಈ ಮಣೂಕ ಹದಿನೈದು ದಿನ ಒಣಗಿದ್ದು,
ಇದು ಅವಸರಕ್ಕ ಇಳಿಸಿದ್ದು,
ಇದರ ತೊಟ್ಟು ಇನ್ನೂ ಬಿಟ್ಟಿಲ್ಲ.

ಹ್ವಾದ ವರ್ಷ ಮಾತ್ರ ಬೆರಳು ಸೋತವು.
ಗುಡ್ಡದ ಬಗಲಾಗ ಒಂದು ಖಡಿ ಮಷೀನು ಬಂದು ಕುಂತಿತ್ತು,
ಬರೇ ಪರೀಕ್ಷೆಗೆ ಅಂದ್ರು.
ನಮ್ಮ ಕಡೆ ಗಾಳಿ ಪಡುವಣದಿಂದ ಬರತೈತಿ,
ಅದನ್ನ ನೋಡೇ ಶೆಡ್ಡಿನ ಮಖ ಇಟ್ಟಾರ.
ಹಣ್ಣು ಒಣಗಸೂದು ಗಾಳಿ, ಬಿಸಿಲಲ್ಲ.
ಅದೇ ಗಾಳಿ ಈಗ ಗುಡ್ಡ ಹೊತಗೊಂಡು ಬಂತು.
ಸುಕ್ಕಿನಾಗ ಕುಂತ ಹುಡಿ ತೊಳದ್ರೂ ಹೋಗಂಗಿಲ್ಲ,
ಮುದುಕರ ಸಿಟ್ಟಿನಂಗ.

ತಾಸಗಾವ ಸವಾಲಿನಾಗ ದಲಾಲ
ನಾಕು ಕಾಳು ಬಾಯಿಗೆ ಹಾಕ್ಕೊಂಡ.
ಕಟಕ್.
ಮಾತಿಲ್ಲ, ಮುಂದಿನ ರಾಶಿಗೆ ಹ್ವಾದ.
ಕಿಲೋಕ್ಕ ನಲವತ್ತು ರೂಪಾಯಿ ಕಡಿಮಿ,
ಆ ನಲವತ್ತು ಮೊದಲು ಇಳದದ್ದು ನಮ್ಮ ಪಗಾರದಾಗ.
ಹದಿನೆಂಟು ಹೆಂಗಸರೊಳಗ ಏಳು ಮಂದಿ ಸಾಕಂದ್ರು;
ಖಾಜಾಬಿ ತನ್ನ ಜರಡಿ ಶೆಡ್ಡಿನ ಗ್ವಾಡಿಗೇ ನೇತಹಾಕಿ ಹ್ವಾದ್ಲು.

ಈಗ ಒಂದಲ್ಲ, ಆರು ಮಷೀನು ಬರತಾವಂತ.
ಅದಕ್ಕ ಸಾಲಿ ಅಂಗಳದಾಗ ಶಾಮಿಯಾನ,
ಬಿಳಿ ಬಟ್ಟಿ ಹಾಸಿದ ಟೇಬಲ್ಲು, ಬಾಟಲಿ ನೀರು,
ನಡುವ ಸಾಹೇಬ್ರು.
ಕಂಪನಿಯಂವ ಪರದೆ ಮ್ಯಾಲ ಚಿತ್ರ ತೋರಿಸಿದ.
ಗುಡ್ಡದ ಸುತ್ತ ಗಿಡ ಹಚ್ಚಿದ್ದ,
ಎಲ್ಲಾ ಒಂದ ಎತ್ತರ, ಒಂದ ಹಸರು,
ಒಂದರ ನೆಳ್ಳೂ ನೆಲಕ್ಕ ಬಿದ್ದಿರಲಿಲ್ಲ.
"ಧೂಳಿನ ಪ್ರಮಾಣ ನಿಗದಿತ ಮಿತಿಯೊಳಗಿರುತ್ತದೆ" ಅಂದ.

ನನ್ನ ತಮ್ಮ ಮಲಕಾರಿ ಹಿಂದಿನ ಸಾಲಿನಾಗ
ತಲಿ ತಗ್ಗಿಸಿ ಮೊಬೈಲ್ ತಿಕ್ಕತಿದ್ದ.
ಅವನ ಟಿಪ್ಪರಿನ ಕಂತು ಆ ಗುಡ್ಡದ ಮ್ಯಾಲೇ ಐತಿ.
ನಾನು ಎದ್ದಾಗ ಅಂವ ಮಖ ಎತ್ತಲಿಲ್ಲ.
ನಾನೂ ಆ ಕಡೆ ನೋಡಲಿಲ್ಲ.

ಭಾಷಣ ಬರಂಗಿಲ್ಲ ನನಗ.
ತಾಟಿನಾಗ ಎರಡು ಬೊಗಸಿ ಮಣೂಕ ಒಯ್ದಿದ್ದೆ,
ಹ್ವಾದ ವರ್ಷದ್ದು, ಯಾರೂ ಕೊಳ್ಳದ ಉಳದದ್ದು.
"ತಗೋರಿ ಸಾಹೇಬ್ರ, ನಮ್ಮೂರಿಗೆ ಬಂದೀರಿ."
ಕ್ಯಾಮೆರಾ ಇದ್ದುವು, ಒಲ್ಲೆ ಅನ್ನಾಕ ಬರಲಿಲ್ಲ.
ಮೂರು ಕಾಳು ಹಾಕ್ಕೊಂಡ್ರು.
ಮುನ್ನೂರು ಮಂದಿ ಅವರ ದವಡಿ ನೋಡಕೊಂತ ಕುಂತ್ವಿ.
ಹೆಣ ಎತ್ತುವಾಗೂ ನಮ್ಮೂರು ಅಷ್ಟು ಸುಮ್ಮ ಇರಂಗಿಲ್ಲ.

ಕಟಕ್.

ಕರ್ಚೀಪು ತಗದು ಬಾಯಿಗೆ ಹಿಡಿದು
ಮಡಚಿ ಕಿಸೇದಾಗ ಇಟಗೊಂಡ್ರು.
ಆಮ್ಯಾಲ ಕೇಳಿದ್ರು, ಸಿಟ್ಟಿಲ್ಲದ, ಖರೇನ ತಿಳಕೊಳ್ಳಾಕ:
"ನಿಮ್ಮ ಮನಿ ಸ್ಲ್ಯಾಬಿಗೆ ಖಡಿ ಹಾಕಿಲ್ಲೇನಮ್ಮ?
ಈ ಮಣೂಕ ಹೋಗೋ ರಸ್ತೆಗೆ?"
"ಹಾಕೇವ್ರಿ. ಖಡಿ ಬೇಕ್ರಿ.
ಬಾಯಾಗ ಬ್ಯಾಡ್ರಿ."

ಮಂದಿ ನಕ್ರು.
ನಾನು ನಗಸಾಕ ಅಂದಿರಲಿಲ್ಲ.

ತಿಂಗಳ ಮ್ಯಾಲ ಪಂಚಾಯ್ತಿಗೆ ನಡಾವಳಿ ಬಂತು, ಹದಿನಾಕು ಪಾನು.
ಮಾಸ್ತರು ಕಟ್ಟಿ ಮ್ಯಾಲ ಕುಂತು ಓದಿದ್ರು.
ನನ್ನ ಹೆಸರೂ ಐತಿ, ಒಂಬತ್ತನೇ ಪಾನಿನಾಗ:
"ಶ್ರೀಮತಿ ದುಂಡವ್ವ ಕೋಟ್ಯಾಳ ಇವರು
ಸಭೆಗೆ ಅಲ್ಪೋಪಹಾರ ವಿತರಿಸಿದರು."
ಉಳಿದದ್ದು ಪರಿಶೀಲನೆಯಲ್ಲಿದೆ.

ಗುಡ್ಡ ಅಲ್ಲೇ ಐತಿ, ಒಂದು ಬಗಲು ಕಿತ್ತುಕೊಂಡು.
ಮಲಕಾರಿ ಹಬ್ಬಕ್ಕ ಬಂದಿದ್ದ, ಉಂಡ, ಹ್ವಾದ.
ರಾತ್ರಿ ನಿದ್ದಿ ಹತ್ತದಾಗ ನನಗ
ಗುಡ್ಡದ ಚಿಂತಿಗಿಂತ ಕರ್ಚೀಪಿನ ಚಿಂತಿನೇ ಹೆಚ್ಚು.
ವಿಜಾಪುರದ ಯಾವುದೋ ಬಚ್ಚಲದಾಗ
ಯಾವಾಕೆರೆ ಒಬ್ಬಾಕಿ ಅದನ್ನ ಬಕೀಟಿಗೆ ಹಾಕೂ ಮೊದಲು
ಮಡಿಕಿ ಬಿಚ್ಚಿರತಾಳ.
ಬೆರಳಿಗೆ ಏನೋ ಹತ್ತಿರತೈತಿ,
ಬೆಳಕಿಗೆ ಹಿಡದು ನೋಡಿರತಾಳ,
ಒಳಗ ಕುಂತವರನ್ನ ಕೂಗಿ ಕೇಳಿರತಾಳ:
ಏನಿದು?